ಬೂಟಿನೊಳಗೆ ಏನಿದೆ?

"ಕೈ ತೆಗೀರಿ! ನನ್ನ ಬೂಟ್ ಮೇಲಿಂದ ಕೈ ತೆಗೀರಿ!"

ವಾಸಂತಿಯ ಕೂಗಿಗೆ ಸ್ಕೇಟಿಂಗ್ ರಿಂಕ್‌ನ ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಗಾಬರಿಬಿದ್ದು ಹಾರಿದವು. ಬೂಟು ಹಿಡಿದಿದ್ದವನು ಮಾತ್ರ ಕೂತಲ್ಲಿಂದ ಏಳಲಿಲ್ಲ.

ಅವನು ತಿರುಮಲೇಶ. ಹಗಲು ಪೆರಂಬೂರಿನಲ್ಲಿ ರೈಲು ಡಬ್ಬಿ ಮಾಡುವ ಕಾರ್ಖಾನೆ, ಸಂಜೆ ಎಗ್ಮೋರಿನ ಈ ರಿಂಕ್‌ನಲ್ಲಿ ಚಕ್ರಗಳಿಗೆ ಎಣ್ಣೆ ಹಾಕಿ ನಟ್ಟು ಬಿಗಿಮಾಡುವ ಕೆಲಸ. ಅವನ ತೊಡೆಯ ಮೇಲೆ ಅವಳ ಎಡಗಾಲಿನ ಬೂಟು. ಅದರ ಒಂದು ಚಕ್ರ ನೆಲದ ಮೇಲೆ!

"ಚಕ್ರ ಯಾಕೆ ಬಿಚ್ಚಿದ್ರಿ?"

"ಎಣ್ಣೆ... ಎಣ್ಣೆ ಹಾಕೋಕೆ."

"ನಿನ್ನೆ ತಾನೆ ಹಾಕಿದ್ರಲ್ಲ?"

ತಿರುಮಲೇಶ ನೆಲದ ಮೇಲಿದ್ದ ಚಕ್ರ ಎತ್ತಿ ಒರೆಸತೊಡಗಿದ. ಅವನ ಕಿವಿ ಕೆಂಪಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಇಷ್ಟು, ನೋಡಿ!

ಅದು ೧೯೬೧ರ ಡಿಸೆಂಬರ್. ಇನ್ನೊಂದು ವಾರಕ್ಕೆ ಅಖಿಲ ಭಾರತ ಫಿಗರ್ ಸ್ಕೇಟಿಂಗ್ ಸ್ಪರ್ಧೆ, ಈ ಸಲವೂ ವಾಸಂತಿಯ ಊರಾದ ಮದ್ರಾಸಿನಲ್ಲೇ. ಐಸು ಎಲ್ಲಿಂದ ಬರಬೇಕು ಮದ್ರಾಸಿಗೆ? ಸಿಮೆಂಟು ನೆಲ, ನಾಲ್ಕು ಚಕ್ರದ ಬೂಟು, ಅದರ ಮೇಲೇ ಸುತ್ತು, ಅದರ ಮೇಲೇ ನೆಗೆತ. ಹೋದ ವರ್ಷದ ಸ್ಪರ್ಧೆಯಲ್ಲಿ, ಇದೇ ರಿಂಕ್‌ನಲ್ಲಿ, ನೆಗೆದು ಇಳಿಯುವಾಗ ಅವಳ ಎಡಗಾಲು ತಿರುಚಿತ್ತು. ಅವರ ಬಡಾವಣೆ ಪುರಸೈವಾಕ್ಕಂ ಇಡೀ ಬಂದು ಕೂತಿದ್ದ ದಿನ ಅವಳು ದೊಪ್ಪೆಂದು ಬಿದ್ದಿದ್ದಳು.

"ಈ ಸಲವೂ ಬಿದ್ರೆ ಸ್ಕೇಟಿಂಗ್ ಸಾಕಮ್ಮ," ಎಂದಿದ್ದರು ಅಪ್ಪ ವಿಷ್ಣುತೀರ್ಥರು. ಮೆಲ್ಲಗೇ ಹೇಳಿದ್ದರು. ಆದರೆ ಅವರು ಮೆಲ್ಲಗೆ ಹೇಳಿದ ಮಾತು ಒಮ್ಮೆಯೂ ಬದಲಾಗಿರಲಿಲ್ಲ.

ವಾಸಂತಿ ಬೂಟು ಕಿತ್ತುಕೊಂಡಳು. "ಬೂಟಿಡೋ ಬೀರುವಿನ ಕೀಲಿ ಕೊಡಿ."

ಅವನು ಕೊಟ್ಟ. ಜೇಬಿನಿಂದ ತೆಗೆದು ಕೊಟ್ಟೇಬಿಟ್ಟ!

ಅವಳಿಗೆ ಅಳು ಬಂತು. ಕೋಪಕ್ಕಲ್ಲ... ಎರಡು ತಿಂಗಳಿಂದ ಗ್ರಾಮಫೋನು ನೋಡಿಕೊಳ್ಳುತ್ತಿದ್ದವನೂ ಅವನೇ. ಅಭ್ಯಾಸದ ನಡುವೆ ಅವಳು ಎಲ್ಲಿ ನಿಲ್ಲಿಸಿದರೂ, ಕೇಳುವ ಮೊದಲೇ ಸರಿಯಾಗಿ ಅದೇ ಜಾಗಕ್ಕೆ ಮುಳ್ಳು ಇಡುತ್ತಿದ್ದ. ಅಷ್ಟಕ್ಕೇ ಅವಳ ಮನಸ್ಸು ಸೋತಿತ್ತು. ಸೋತದ್ದು ಇಂಥವನಿಗಾ?

ಮಾರನೇ ದಿನ ತಮಿಳು ಗೆಳತಿ ಬೇಬಿ ಓಡೋಡಿ ಬಂದಳು. "ಏಯ್ ವಾಸಂತಿ, ಉನ್ ಆಳು ಆ ಬಾಂಬೆ ಪೊಣ್ಣು ಹತ್ರ ಕೂತಿದ್ದಾನೆ. ಅವಳ ಬೂಟ್ ಒಳಗೆ ಕೈ ಹಾಕಿ ಏನೋ ತಡವುತ್ತಾ ಇದ್ದಾನೆ, ನಗುನಗ್ತಾ ಬೇರೆ!"

"ನನ್ನ ಆಳೂ ಅಲ್ಲ, ಏನೂ ಅಲ್ಲ," ಎಂದಳು ವಾಸಂತಿ. ಸ್ಪರ್ಧೆಗೆಂದು ವಾರ ಮೊದಲೇ ಬಂದಿಳಿದಿದ್ದ ಆ ಬೊಂಬಾಯಿ ಹುಡುಗಿಯೇ ಹೋದ ವರ್ಷ ಗೆದ್ದವಳು. ಈ ವರ್ಷವೂ ಗೆಲ್ಲಲಿ ಎಂದು ಇವನು ಸಹಾಯ ಮಾಡುತ್ತಿದ್ದಾನೆಯೇ?

ಇನ್ನು ಬೂಟನ್ನು ರಿಂಕ್‌ನಲ್ಲಿ ಬಿಡುವ ಮಾತೇ ಇಲ್ಲ! ಮನೆಗೆ ಒಯ್ದಳು. ಅಲ್ಲಿ ಅಜ್ಜಿ ಭೀಮಾಬಾಯಿಯವರ ಮಡಿ. ಚರ್ಮದ ವಸ್ತು ಹೊಸ್ತಿಲು ದಾಟುವಂತಿಲ್ಲ. ಸ್ಕೇಟಿಂಗಿಗೆ ಸೇರುವಾಗ "ಚರ್ಮ ಕಾಲಿಗೆ ಹಾಕಲ್ಲ ಅಜ್ಜಿ" ಎಂದು ಮಾತು ಕೊಟ್ಟಿದ್ದಕ್ಕೇ ಅವಳದು ಕ್ಯಾನ್ವಾಸ್ ಬೂಟು. ಅದಕ್ಕೂ ಒಳಗೆ ಪ್ರವೇಶವಿಲ್ಲ. ಬೀದಿ ಕಡೆಯ ಜಗಲಿಯ ಮೂಲೆಯಲ್ಲಿ ಚೀಲದಲ್ಲಿ ಕಟ್ಟಿಟ್ಟು ಕಾಲೇಜಿಗೆ ಹೋದಳು.

ಸ್ಪರ್ಧೆಗೆ ಎರಡು ದಿನ ಇರುವಾಗ ಬೇಬಿಯಿಂದ ಇನ್ನೊಂದು ಸುದ್ದಿ. "ನಿಮ್ಮ ತೆರುವಲ್ಲೇ, ನಿಮ್ಮ ಬೀದೀಲೇ, ಸೈಕಲ್ ನಿಲ್ಲಿಸಿದ್ದ ಡೀ. ಮಧ್ಯಾಹ್ನ. ನಿಮ್ಮ ಮನೆ ಎದುರಿಗೇ!"

ವಾಸಂತಿ ಮನೆಗೆ ಓಡಿದಳು. ನಟ್ಟುಗಳು ಬಿಗಿಯಾಗಿದ್ದವು. ಚಕ್ರಗಳು ಸರಿಯಾಗಿ ತಿರುಗುತ್ತಿದ್ದವು. "ಅಜ್ಜಿ, ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರೆ ಅಜ್ಜಿ ಜಪಸರದಿಂದ ಕಣ್ಣೆತ್ತಲಿಲ್ಲ. "ಯಾರ್ ಬರ್ತಾರ ಈ ಬಿಸಲಾಗ," ಎಂದರು.

ಸ್ಪರ್ಧೆಯ ದಿನ. ಸಂಜೆ ನಾಲ್ಕು. ರಿಂಕ್‌ನ ಹಿಂದಿನ ಕೋಣೆಯ ಹೊರಗೆ ಜನವೋ ಜನ! ಅಪ್ಪ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಸಂಗೀತ ಕೇಳಿದಾಗಲೆಲ್ಲ ವಾಸಂತಿಯ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಎಡಗಾಲಿನ ಬೂಟು ತೊಟ್ಟಳು.

ಹಿಮ್ಮಡಿಯ ಎರಡೂ ಕಡೆ ಏನೋ ಗಟ್ಟಿಯಾಗಿ ತಗುಲಿತು!

ಒಳಗೆ ಏನೋ ಹೊಲಿದಿದ್ದಾರೆ. ಚರ್ಮದ ಪಟ್ಟಿ ಇರಬೇಕು... ಚರ್ಮವೇ! ಅಜ್ಜಿಗೆ ಕೊಟ್ಟ ಮಾತೂ ಕೆಟ್ಟಿತು, ಕಾಲೂ ಕೆಡುತ್ತದೆ. ಅವನೇ! ಆ ಸೈಕಲ್ಲು, ಆ ಮಧ್ಯಾಹ್ನ... ಅಯ್ಯೋ, ಇಷ್ಟು ದ್ವೇಷ ಯಾಕೆ?

"ಬೇಬಿ, ಕತ್ತರಿ ಕೊಡು!"

"ವೇಂಡಾಂ ಡೀ, ಬೇಡ! ನಿನ್ನ ನಂಬರ್‌ಗೆ ಇನ್ನು ಮೂರೇ ಜನ!"

ಯಾರು ಕೇಳುತ್ತಾರೆ? ಕಾಲಿನಿಂದ ಬೂಟನ್ನೂ ಕಳಚದೆ, ಕ್ಯಾನ್ವಾಸಿನ ಹೊರಗೆ ಕಂಡ ಹೊಲಿಗೆಯನ್ನು ಪರಪರ ಬಿಚ್ಚಿದಳು. ಒಳಗಿಂದ ಬಂದದ್ದು ಚರ್ಮವಲ್ಲ. ತೆಳ್ಳಗೆ ಸೀಳಿ ನಯಮಾಡಿದ ಬೆತ್ತದ ಕಡ್ಡಿಗಳು. ಅದಕ್ಕೆ ಸುತ್ತಿದ್ದದ್ದು ಕೆಂಪು ಸೆರಗಿನ ತುಂಡು, ಅಜ್ಜಿಯ ಇಳಕಲ್ ಸೀರೆಯದು. ಸಾಸಿವೆಯಷ್ಟು ಸಣ್ಣ ಹೊಲಿಗೆ. ಅಂಥ ಹೊಲಿಗೆ ಹಾಕುವವರು ಅವರ ಮನೆಯಲ್ಲಿ ಒಬ್ಬರೇ.

ವಾಸಂತಿ ಕಿರುಚಿದಳು. "ಅವರನ್ನ ಕರಿ! ತಿರುಮಲೇಶ್ ಅವರನ್ನ ಕರಿ ಬೇಬಿ, ಬೇಗ!"

ಅವನು ಬಂದ. ಹರಿದ ಬೂಟು ನೋಡಿದ. ಒಂದು ಕ್ಷಣ ಅವನ ಮುಖ ಬಾಡಿತು.

"ಯಾಕೆ ಹೇಳಲಿಲ್ಲ?" ಎಂದಳು ವಾಸಂತಿ.

"ನಿಮ್ಮ ಅಜ್ಜಿ ಪ್ರಮಾಣ ಮಾಡಿಸಿದ್ರು. ಭಜನೆ ಮಂದಿರದಲ್ಲಿ ಹಿಡಿದು ನಿಲ್ಲಿಸಿ, 'ಹುಡುಗಿ ಕಾಲು ತಿರುಚ್ತದಪ್ಪ, ಚರ್ಮ ಇಲ್ದ ಏನಾರ ಮಾಡು. ನಾನ ಹೇಳ್ದೆ ಅಂತ ಗೊತ್ತಾದ್ರ ನಾಳೆ ಚರ್ಮದ್ದೇ ಬೇಕಂತಾಳ' ಅಂದ್ರು."

"ಆ ಬೊಂಬಾಯಿ ಹುಡುಗಿ?"

"ಅವಳ ಬೂಟು ಹಿಮ್ಮಡೀನ ಹೇಗೆ ಹಿಡಿಯುತ್ತೆ ಅಂತ ನೋಡಬೇಕಿತ್ತು. ಬೆತ್ತದ ಅಳತೆಗೆ ಚಕ್ರ ಅಡ್ಡ ಬರ್ತಿತ್ತು, ಅದಕ್ಕೆ ಅವತ್ತು ಬಿಚ್ಚಿದ್ದೆ. ಮೊನ್ನೆ ಊಟದ ಬಿಡುವಿನಲ್ಲಿ ಮನೆಗೆ ಬಂದು ಬೆತ್ತ ಕೊಟ್ಟೆ, ಇವತ್ತು ಬೆಳಿಗ್ಗೆ ಅಜ್ಜಿ ಹೊಲಿಗೆ ಮುಗಿಸಿದ್ರು. ಒಳಗೆ ಬೆತ್ತ ಇದೆ ಅಂತಾದ್ರೂ ಹೇಳೋಣ ಅಂದ್ರೆ... ನೀವು ನನ್ನ ಮುಖ ನೋಡ್ತಿರಲಿಲ್ಲ."

ಹೊರಗೆ ಅವಳಿಗಿಂತ ಮುಂಚಿನ ನಂಬರು ಕರೆದರು.

ತಿರುಮಲೇಶ ಮಂಡಿಯೂರಿ ಕೂತು ದಬ್ಬಳಕ್ಕೆ ದಾರ ಪೋಣಿಸಿದ. "ಕಳಚೋಕೆ ಹೊತ್ತಿಲ್ಲ. ಕಾಲಿನ ಮೇಲೇ ಹೊಲೀತೀನಿ."

"ಚುಚ್ಚಿದ್ರೆ?"

"ಚುಚ್ಚಲ್ಲ."

"ನಂಬಬೇಕಾ?"

"ನಂಬೋದು ಬೇಡ ರೀ, ಕಾಲು ಅಲ್ಲಾಡಿಸಬೇಡಿ ಸಾಕು!"

ಒಂದು ವಾರ ಅವನ ನೆರಳಿಗೂ ಹೆದರಿದ್ದವಳು ಕಣ್ಣುಮುಚ್ಚಿ ಕಾಲು ಮುಂದೆ ಚಾಚಿದಳು. ಅವನು ಒಂದು ಕೈಯಲ್ಲಿ ಅವಳ ಹಿಮ್ಮಡಿ ಹಿಡಿದು ಇನ್ನೊಂದರಲ್ಲಿ ಹೊಲಿದ. ದಬ್ಬಳ ಒಮ್ಮೆಯೂ ತಪ್ಪಲಿಲ್ಲ.

ಸಂಗೀತ ಶುರುವಾಯಿತು. ಮೂರು ಸುತ್ತು, ಬೆನ್ನು ತಿರುಗಿಸಿ ಹಿಂದಕ್ಕೆ ಜಾರು, ಆಮೇಲೆ ಆ ನೆಗೆತ! ಅಪ್ಪನ ಕಟ್ಟಿದ ಕೈ ಬಿಚ್ಚಿಕೊಂಡಿತು. ಎಡಗಾಲು ನೆಲ ಮುಟ್ಟಿತು. ಬೆತ್ತ ಬಾಗಿತು, ಮುರಿಯಲಿಲ್ಲ. ವಾಸಂತಿ ನಿಂತಿದ್ದಳು!

ಮೊದಲ ಬಹುಮಾನ ಬೊಂಬಾಯಿಗೇ ಹೋಯಿತು. ವಾಸಂತಿಗೆ ಎರಡನೆಯದು. ಅಪ್ಪ ಬಂದು ತಲೆ ಸವರಿ, "ಮುಂದಿನ ವರ್ಷ ಸ್ಪರ್ಧೆ ಎಲ್ಲಮ್ಮಾ?" ಎಂದು ಕೇಳಿದರು. ಅವಳಿಗೆ ಅಷ್ಟು ಸಾಕಾಗಿತ್ತು.

ಜನ ಕರಗಿದ ಮೇಲೆ ಅವಳು ಗ್ರಾಮಫೋನಿನ ಬಳಿ ಬಂದಳು. ತಿರುಮಲೇಶ ರೆಕಾರ್ಡು ಒರೆಸುತ್ತಿದ್ದ.

"ನಿಮ್ಮನ್ನ ತುಂಬ ಅನುಮಾನಿಸಿದೆ. ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ನೀವು ಕಾಲು ಚಾಚಿದಾಗ ಹೋಯ್ತು." ಅವನು ರೆಕಾರ್ಡು ಕೆಳಗಿಟ್ಟ. "ವಾಸಂತಿ... ಅಜ್ಜಿ ಹೇಳದೇ ಇದ್ದಿದ್ರೂ ನಾನು ಹೊಲೀತಿದ್ದೆ. ನನಗೆ ನೀವಂದ್ರೆ ಅಷ್ಟು ಇಷ್ಟ."

ಅವಳ ಕಣ್ಣು ತುಂಬಿ ಬಂತು. "ಅಜ್ಜಿಗೆ ಗೊತ್ತಾ?"

"ಮೊದಲ ದಿನವೇ ನನ್ನ ಗೋತ್ರ ಕೇಳಿದ್ರು."

"ಬೂಟು ಹೊಲಿಯೋಕೆ ಗೋತ್ರ ಯಾಕಂತೆ?"

"ನಾನೂ ಅದನ್ನೇ ಕೇಳಿದೆ. 'ಕೇಳಿದ್ದಕ್ಕ ಉತ್ತರ ಹೇಳು' ಅಂದ್ರು."

ವಾಸಂತಿಗೆ ಅಳುವಿನ ನಡುವೆಯೇ ನಗು ಬಂತು. "ಯಾವುದು ನಿಮ್ಮದು?"

"ಕಾಶ್ಯಪ."

ಅವಳು ಕೈಯಲ್ಲಿದ್ದ ಬೂಟಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಆಮೇಲೆ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ನಮ್ಮದು ವಾಸಿಷ್ಠ... ಏನೂ ತೊಂದರೆ ಇಲ್ಲ."