ಗೋಡೆ ಒಣಗುವ ತನಕ

ಹೆಣ್ಣು ನೋಡಲು ಬಂದ ಹುಡುಗ ಹೆಣ್ಣನ್ನು ನೋಡಲಿಲ್ಲ. ಗೋಡೆ ನೋಡಿದ.

ಜಯಶೀಲಾ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ನಡುಮನೆಗೆ ಬಂದಾಗ, ಭದ್ರಾವತಿಯಿಂದ ಬಂದಿದ್ದ ರುದ್ರೇಶ್ ಕುರ್ಚಿಯಲ್ಲಿರಲಿಲ್ಲ. ಸ್ವಿಚ್ ಬೋರ್ಡಿನ ಪಕ್ಕ ನಿಂತು, ಅಂಗೈಯಿಂದ ಗೋಡೆ ಸವರುತ್ತಿದ್ದ. ಆಮೇಲೆ ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದ.

ಹಪ್ಪಳದಷ್ಟು ಅಗಲದ ಬಣ್ಣದ ಚಕ್ಕೆ ಕಿತ್ತು ಚಾಪೆಯ ಮೇಲೆ ಬಿತ್ತು.

"ಇದನ್ನ ಯಾರು ಹೊಡೆದಿದ್ದು?" ಎಂದು ಕೇಳಿದ.

"ನಾನೇ..." ಎಂದರು ಷಣ್ಮುಖಪ್ಪ.

"ಈ ಬಣ್ಣ ನಿಲ್ಲಲ್ಲ."

ಅಷ್ಟೇ. ಬಂದು ಕುಳಿತು ಉಪ್ಪಿಟ್ಟು ತಿಂದ. ಜಯಶೀಲಾಳತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. ಕಾಫಿ ಕುಡಿದ.

ಜಯಶೀಲಾ ಆ ಹೊತ್ತು ನೋಡಿದ್ದು ಅಪ್ಪನ ಮುಖ ಮಾತ್ರ. ಷಣ್ಮುಖಪ್ಪ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಮಗಳನ್ನು ನೋಡಲು ಬರುತ್ತಾರೆಂದು ದುರ್ಗಿಗುಡಿಯ ಆ ಹಳೇ ಮನೆಯ ನಡುಮನೆಗೆ ತಾವೇ ಮೂರು ದಿನ ಸ್ಟೂಲಿನ ಮೇಲೆ ನಿಂತು ತಿಳಿ ಹಳದಿ ಡಿಸ್ಟೆಂಪರ್ ಹೊಡೆದಿದ್ದರು. ಈಗ ಬಗ್ಗಿ ಆ ಚಕ್ಕೆಯನ್ನು ಹೆಕ್ಕಿ, ಯಾರಿಗೂ ಕಾಣದ ಹಾಗೆ ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಬಂದವರು ಹೊರಟುಹೋದರು. ಅಮ್ಮ ಬಸವರಾಜೇಶ್ವರಿ ಕೇಳಿದರು, "ಏನಂತೀಯೆ?"

"ಅವರಿಗೆ ಗೋಡೆ ಬೇಕಿದ್ರೆ ಸಿಮೆಂಟ್ ಅಂಗಡಿಗೆ ಹೋಗ್ಲಿ. ನನಗೆ ಬೇಡ."

"ಪೂರ್ತಿ ಕೇಳೇ ಮಾರಾಯ್ತಿ. ಹಿರಿಯಣ್ಣ ಬಂದು ಅವರ ಕಡೆ ಮಾತು ಏನು ಅಂತ ಹೇಳ್ಲಿ."

"ಅವರ ಮಾತು ಕೇಳಿ ಆಯ್ತಲ್ಲ."

ಮಾರನೇ ದಿನ ಸಂಬಂಧ ಕುದುರಿಸುವ ಹಿರಿಯಣ್ಣ ಬಾಗಿಲಿಗೆ ಬಂದಾಗ, ಅವನು ಬಾಯಿ ತೆರೆಯುವ ಮೊದಲೇ ಜಯಶೀಲಾ ಬೇಡವೆಂದು ಹೇಳಿಬಿಟ್ಟಳು. ಅವಳಿಗೆ ಇಪ್ಪತ್ತೇಳು. ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದಳು. ತನ್ನನ್ನು ಬೇಡ ಎಂದವರು ಇಬ್ಬರು ಮೂವರು ಇದ್ದರು. ತಾನಾಗಿ ಬೇಡ ಎಂದಿದ್ದು ಇದೇ ಮೊದಲು.

ಅದು ೧೯೯೮ರ ಫೆಬ್ರವರಿ.

ಶಿವರಾತ್ರಿ ಕಳೆಯುವಷ್ಟರಲ್ಲಿ ಗೋಡೆಯ ಬಣ್ಣ ಮೊಣಕಾಲೆತ್ತರದಿಂದ ತಲೆಯೆತ್ತರದ ತನಕ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಷಣ್ಮುಖಪ್ಪ ಗುಳ್ಳೆ ಒಡೆದು, ತಗ್ಗು ಮುಚ್ಚಲು ಪುಟ್ಟಿ ಮೆತ್ತಿ, ಮತ್ತೊಂದು ಕೋಟ್ ಹೊಡೆದರು. ಹದಿನೈದು ದಿನಕ್ಕೆ ಅದೂ ಉದುರಿತು. ಒಳಗಿಂದ ಬಿಳೀ ಉಪ್ಪಿನಂಥ ಪುಡಿ ಸುರಿಯತೊಡಗಿತು.

"ಡಬ್ಬದಲ್ಲೇ ಏನೋ ಮೋಸ," ಎಂದರು ಅವರು. ಮತ್ತೆ ಸ್ಟೂಲು ಹತ್ತಿದರು.

ಏಪ್ರಿಲಿನ ಒಂದು ಬೆಳಿಗ್ಗೆ ಜಯಶೀಲಾ ತಲೆಗೆ ನೀರು ಹಾಕಿಕೊಂಡು ಬಂದವಳು ಒದ್ದೆ ಕೈಯಲ್ಲೇ ನಡುಮನೆಯ ಫ್ಯಾನಿನ ಸ್ವಿಚ್ ಹಾಕಿದಳು. ಮೊಣಕೈ ತನಕ ಜುಂ ಎಂದಿತು. ಯಾರೋ ತಳ್ಳಿದ ಹಾಗೆ ಹಿಂದಿದ್ದ ಮಂಚದ ಮೇಲೆ ಬಿದ್ದಳು. ಅಪ್ಪ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು.

ಅಂಥ ಅಪಾಯವೇನೂ ಆಗಲಿಲ್ಲ. ಆದರೆ ಆ ದಿನ ಅವಳು ಪಾಠಕ್ಕೆ ಹೋಗಲಿಲ್ಲ.

ಆ ವಾರವೇ ಹಿರಿಯಣ್ಣ ದಾವಣಗೆರೆಯ ಒಂದು ಸಂಬಂಧ ಹಿಡಿದು ಬಂದ. ಕರೆಂಟಿನ ಸುದ್ದಿ ಕೇಳಿ ಕಾಫಿ ಲೋಟವನ್ನು ಕೆಳಗಿಟ್ಟ.

"ಆ ಭದ್ರಾವತಿ ಹುಡುಗ ಅದನ್ನೇ ಹೇಳಿ ಕಳ್ಸಿದ್ನಲ್ಲಮ್ಮ. ಗೋಡೆ ಒಳಗೆ ನೀರು ಇಳೀತಿದೆ, ಬಣ್ಣ ಹೋದ್ರೆ ಹೋಗ್ಲಿ, ಅಲ್ಲಿ ಸ್ವಿಚ್ ಬೋರ್ಡ್ ಇದೆ, ಯಾರಿಗಾದ್ರೂ ಶಾಕ್ ಹೊಡೀಬಹುದು, ಮೊದಲು ಅದನ್ನ ನೋಡ್ಸಕ್ಕೆ ಹೇಳಿ ಅಂತ."

"ನೀವು ಹೇಳಲೇ ಇಲ್ಲ..." ಎಂದಳು ಜಯಶೀಲಾ.

"ಎಲ್ಲಿ ಹೇಳ್ಲಿ? ಬಾಗಿಲಲ್ಲೇ ಬೇಡ ಅಂತ ಕಳ್ಸಿದೆ. ಅವನು ಒಪ್ಪಿದ್ದ ಕಣಮ್ಮ. ಹುಡುಗಿ ನನಗೆ ಹಿಡಿಸಿದ್ದಾಳೆ ಅಂತ ಹೇಳಿದ ಮೇಲೇ ಗೋಡೆ ಮಾತು ಹೇಳಿದ್ದು. ಹೋಗ್ಲಿ ಬಿಡು. ಅವರ ಮನೇಲಿ ಈಗ ತರೀಕೆರೆ ಕಡೆ ಹೆಣ್ಣು ನೋಡ್ತಿದ್ದಾರೆ."

ಜಯಶೀಲಾ ಅಡುಗೆಮನೆಗೆ ಹೋದಳು. ಅವನು ಗೋಡೆ ಸವರಿದ್ದು ನೆನಪಾಯಿತು. ಅದು ತಾತ್ಸಾರ ಎಂದುಕೊಂಡಿದ್ದಳು. ಎರಡು ತಿಂಗಳು ಅದನ್ನೇ ನಂಬಿದ್ದಳು...

ಮರುದಿನ ಇನ್‌ಸ್ಟಿಟ್ಯೂಟಿಗೆ ರಜೆ ಹಾಕಿ ಭದ್ರಾವತಿಯ ಬಸ್ಸು ಹತ್ತಿದಳು. ತಪ್ಪು ಒಪ್ಪಿಕೊಂಡು ಬರುವುದು, ಅಷ್ಟೇ. ಬೇರೇನೂ ಇಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ರುದ್ರೇಶ್ ಅಲ್ಲಿಯ ಒಂದು ಕಾರ್ಖಾನೆಯ ಕ್ವಾರ್ಟರ್ಸುಗಳ ದುರಸ್ತಿ ನೋಡಿಕೊಳ್ಳುವ ಸೂಪರ್‌ವೈಸರ್. ಗೇಟಿನಲ್ಲಿ ಕೇಳಿದಾಗ ನ್ಯೂಟೌನಿನ ಒಂದು ಖಾಲಿ ಮನೆ ತೋರಿಸಿದರು. ಒಳಗೆ ಅವನು ಕೂಲಿಯವರ ಜೊತೆ ತಾನೂ ಸ್ಕ್ರೇಪರ್ ಹಿಡಿದು ಗೋಡೆ ಕೆರೆಯುತ್ತಿದ್ದ. ತಲೆಗೂದಲೆಲ್ಲ ಸುಣ್ಣದ ಪುಡಿ.

ಅವಳನ್ನು ಕಂಡವನೇ ಸ್ಟೂಲಿನಿಂದ ಇಳಿದ.

"ಸ್ವಿಚ್ಚಾ?" ಎಂದ. "ಯಾರಿಗೆ ಹೊಡೀತು?"

"ನನಗೆ."

ಅವನ ಮುಖ ಬಿಳಿಚಿತು. "ಏನಾದ್ರೂ...?"

"ಏನಿಲ್ಲ. ಚೆನ್ನಾಗಿದ್ದೀನಿ."

"ನಾನು ಅವತ್ತೇ ನಿಮ್ಮೆದುರಿಗೆ ಹೇಳ್ಬೇಕಿತ್ತು. ಬಂದ ದಿನಾನೇ ಎಲ್ಲರನ್ನೂ ಹೆದರಿಸೋದು ಬೇಡ ಅಂತ ಹಿರಿಯಣ್ಣನ ಹತ್ರ ಹೇಳಿ ಕಳ್ಸಿದೆ. ನಂದೇ ತಪ್ಪು."

ತಾನು ಹೇಳಬೇಕೆಂದು ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದನ್ನೆಲ್ಲ ಅವನೇ ಹೇಳಿಬಿಟ್ಟ. ಅದಕ್ಕೂ ಅವಳಿಗೆ ಸ್ವಲ್ಪ ಸಿಟ್ಟು ಬಂತು.

"ನಮ್ಮಪ್ಪ ಮೂರು ದಿನ ನಿಂತು ಹೊಡೆದ ಬಣ್ಣ ಅದು. ಎಲ್ಲರ ಮುಂದೆ ನಿಲ್ಲಲ್ಲ ಅಂದ್ರಿ. ಅದಕ್ಕೇ ನಾನು ಬೇಡ ಅಂದಿದ್ದು. ವಿಷಯ ಗೊತ್ತಿರಲಿಲ್ಲ. ಕ್ಷಮಿಸಿ."

"ಅದಕ್ಕಾ?" ಎಂದ ರುದ್ರೇಶ್. ಇನ್ನೇನೋ ಹೇಳಲು ಹೊರಟವನು ಕೂಲಿಯವರ ಕಡೆ ನೋಡಿ ಸುಮ್ಮನಾದ. "ಭಾನುವಾರ ಬರ್ತೀನಿ. ಅಲ್ಲಿ ತನಕ ಆ ಬೋರ್ಡ್ ಯಾರೂ ಮುಟ್ಟಬೇಡಿ."

ಭಾನುವಾರ ಎಂಟು ಗಂಟೆಗೆ ಸುತ್ತಿಗೆ, ಉಳಿ, ಸ್ಕ್ರೇಪರ್ ತುಂಬಿದ ಚೀಲ ಹಿಡಿದು ಬಂದ. ಮೊದಲು ಷಣ್ಮುಖಪ್ಪನವರ ಎದುರು ನಿಂತ.

"ಮೇಷ್ಟ್ರೇ, ಅವತ್ತು ಹಾಗೆ ಹೇಳಬಾರದಿತ್ತು. ಬಣ್ಣ ಚೆನ್ನಾಗೇ ಹೊಡೆದಿದ್ರಿ. ಎಲ್ಲೂ ಬ್ರಷ್ಷಿನ ಗೆರೆ ಇರಲಿಲ್ಲ. ತಪ್ಪು ಗೋಡೇದು."

ಷಣ್ಮುಖಪ್ಪ ಒಳಗೆ ಹೋಗಿ ಹಳೇ ಅಂಗಿ ಹಾಕಿಕೊಂಡು ಬಂದು, "ನನಗೂ ಒಂದು ಸ್ಕ್ರೇಪರ್ ಕೊಡಿ," ಎಂದರು.

ಇಬ್ಬರೂ ಸೇರಿ ಹಳದಿ ಕೆರೆದರು. ಅದರಡಿಯ ಪುಟ್ಟಿ ಕೆರೆದರು. ಅದರಡಿ ಎಷ್ಟೋ ವರ್ಷದ ಸುಣ್ಣದ ಪದರಗಳು, ನೀಲಿ, ಹಸಿರು, ಮತ್ತೆ ನೀಲಿ. ಹಸಿಯಾದ ಗಾರೆಯನ್ನು ರುದ್ರೇಶ್ ಉಳಿಯಿಂದ ಒಡೆದು ತೆಗೆದ. ಗೋಡೆಯ ಆಚೆ ಬದಿಗೆ ಬಚ್ಚಲು. ಗೋಡೆಯೊಳಗೆ ಹೋಗಿದ್ದ ಕಬ್ಬಿಣದ ಪೈಪಿನ ಜಾಯಿಂಟು ತುಕ್ಕು ಹಿಡಿದು, ಹನಿ ಹನಿಯಾಗಿ ನೀರು ಇಳಿಯುತ್ತಿತ್ತು.

"ಇದು ಇವತ್ತಿಂದಲ್ಲ. ಏಳೆಂಟು ವರ್ಷದ್ದು," ಎಂದ.

ಮುಂದಿನ ಭಾನುವಾರ ಪೈಪು ಬದಲಾಯಿತು. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡನ್ನು ಎದುರು ಗೋಡೆಗೆ ಹಾಕಿಕೊಟ್ಟ. ಹೊಸ ಗಾರೆ ಬಿತ್ತು. ಇನ್ನು ಬಣ್ಣ ಯಾವಾಗ ಎಂದು ಬಸವರಾಜೇಶ್ವರಿ ಕೇಳಿದರು.

"ಒಣಗಬೇಕು ಅಮ್ಮ. ಹಸಿ ಗೋಡೆ ಮೇಲೆ ಎಂಥ ಬಣ್ಣ ಹೊಡೆದ್ರೂ ಉದುರುತ್ತೆ. ಬಂದು ನೋಡ್ತಿರ್ತೀನಿ."

ಹೇಳಿದಂತೆ ಪ್ರತಿ ಭಾನುವಾರ ಬಂದ. ಅಂಗೈಯಿಟ್ಟು ನೋಡುವುದು, ಇನ್ನೂ ಹಸಿ ಇದೆ ಎನ್ನುವುದು. ನೋಡುವ ಕೆಲಸ ಎರಡು ನಿಮಿಷದ್ದು. ಆದರೆ ಮಧ್ಯಾಹ್ನದ ಊಟದ ತನಕ ಇರುತ್ತಿದ್ದ. ಅಡುಗೆಮನೆಯ ಕಿಟಕಿ ಸರಿ ಮಾಡಿದ. ಬಚ್ಚಲಿನ ಒಲೆಯ ಹೊಗೆ ಹೋಗಲು ದಾರಿ ಮಾಡಿಕೊಟ್ಟ. ಷಣ್ಮುಖಪ್ಪ ಅವನಿಗೆ ತಮ್ಮ ಹಳೇ ಚಿತ್ರಗಳನ್ನು ತೋರಿಸಿದರು. ಅವನು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

ಜಯಶೀಲಾ ಭಾನುವಾರದ ದಿನ ಬೇಗ ಏಳತೊಡಗಿದಳು. ಬೇಗ ಎದ್ದಿದ್ದಕ್ಕೆ ತನ್ನ ಮೇಲೇ ರೇಗಿಕೊಂಡಳು. ತರೀಕೆರೆಯ ಹುಡುಗಿ ಹೇಗಿರಬಹುದು? ಮಾತು ಮುಗಿದಿರಬಹುದೆ? ಮುಗಿದಿದ್ದರೆ ಈ ಮನುಷ್ಯ ಹೇಳುತ್ತಿದ್ದನೆ? ಹೇಳುವವನಲ್ಲ... ಮುಖ್ಯವಾದ ಮಾತನ್ನೆಲ್ಲ ಬೇರೆಯವರ ಹತ್ತಿರ ಹೇಳಿ ಕಳುಹಿಸುವವನು.

ಮೇ ತಿಂಗಳ ನಡುವೆ ಒಂದು ಭಾನುವಾರ ಬಸವರಾಜೇಶ್ವರಿ ಅವನಿಗೆ ಮಜ್ಜಿಗೆ ಕೊಡುತ್ತ ಹೇಳಿದರು, "ಮುಂದಿನ ವಾರ ದಾವಣಗೆರೆಯವರು ಜಯಾನ್ನ ನೋಡಕ್ಕೆ ಬರ್ತೀವಿ ಅಂದಿದ್ದಾರೆ. ಅಷ್ಟರಲ್ಲಿ ಬಣ್ಣ ಆಗುತ್ತೇನಪ್ಪ?"

ಜಯಶೀಲಾ ಬಾಗಿಲ ಹಿಂದೆ ನಿಂತಿದ್ದಳು.

ರುದ್ರೇಶ್ ಎದ್ದು ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಇಲ್ಲ ಅಮ್ಮ. ಇನ್ನೂ ಹಸಿ ಇದೆ. ಎರಡು ವಾರನಾದ್ರೂ ಬೇಕು."

"ಹಾಗಿದ್ರೆ ಅವರಿಗೆ ಆಮೇಲೆ ಬರಕ್ಕೆ ಹೇಳ್ತೀನಿ. ಬಣ್ಣ ಇಲ್ದ ಗೋಡೆ ಮುಂದೆ ಕೂರ್ಸಕ್ಕಾಗುತ್ತಾ?"

ಇವನಿಗೆ ಗೋಡೆ ಒಂದೇ ಚಿಂತೆ ಎಂದುಕೊಂಡಳು ಜಯಶೀಲಾ. ಕಣ್ಣು ತುಂಬಿತು. ಬಟ್ಟೆ ಒಗೆಯಲು ಹೋದಳು.

ಆ ಶನಿವಾರ ಷಣ್ಮುಖಪ್ಪ ಬಣ್ಣದ ಅಂಗಡಿಗೆ ಹೋಗಿ ಹೊಸ ವಿಷಯವೊಂದನ್ನು ಕೇಳಿಕೊಂಡು ಬಂದರು.

"ಅಂಗಡಿ ಬಂಗಾರಪ್ಪ ಹೇಳ್ದ ಕಣೆ. ಒಂದು ಪ್ಲಾಸ್ಟಿಕ್ ಹಾಳೆನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಬೇಕಂತೆ. ಒಂದು ರಾತ್ರಿ ಬಿಟ್ಟು ನೋಡಿದ್ರೆ, ಗೋಡೆ ಹಸಿಯಿದ್ರೆ ಒಳಗೆ ನೀರಿನ ಹನಿ ಕೂತಿರುತ್ತಂತೆ."

ಅಪ್ಪ ಮಗಳು ಸೇರಿ ಮೂರು ಕಡೆ ಅಂಟಿಸಿದರು. ಭಾನುವಾರ ಬೆಳಿಗ್ಗೆ ಜಯಶೀಲಾ ಒಂದೊಂದನ್ನೇ ಬಿಚ್ಚಿ ನೋಡಿದಳು. ಒಂದು ಹನಿಯೂ ಇರಲಿಲ್ಲ. ಗೋಡೆ ಬಿಸಿಲಿಗೆ ಹಾಕಿದ ಬಟ್ಟೆಯ ಹಾಗೆ ಒಣಗಿತ್ತು.

ಷಣ್ಮುಖಪ್ಪ ಕನ್ನಡಕ ಹಾಕಿಕೊಂಡು ಗೋಡೆ ನೋಡಿದರು. ಆಮೇಲೆ ಮಗಳನ್ನು ನೋಡಿದರು.

"ಅಲ್ವೇ... ಏಳೆಂಟು ವರ್ಷದ ನೀರನ್ನ ಒಂದು ಸಲ ಸವರಿ ಕಂಡುಹಿಡಿದವನಿಗೆ ಇದು ಗೊತ್ತಾಗಲಿಲ್ವಾ?"

ಜಯಶೀಲಾ ಬಿಚ್ಚಿದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಮಡಚತೊಡಗಿದಳು.

"ನಾನು, ನಿಮ್ಮಮ್ಮ ಸಂತೆಗೆ ಹೋಗಿ ಬರ್ತೀವಿ," ಎಂದರು ಅಪ್ಪ. "ಅವನು ಬಂದಾಗ ನೀನೇ ಕೇಳು."

ರುದ್ರೇಶ್ ಬಂದ. ಚಪ್ಪಲಿ ಬಿಟ್ಟು, ಚೀಲ ಕೆಳಗಿಟ್ಟು, ಎಂದಿನಂತೆ ಗೋಡೆಯ ಬಳಿ ಹೋಗಿ ಕೈಯಿಟ್ಟ.

"ಹೇಗಿದೆ?" ಜಯಶೀಲಾ ಕೇಳಿದಳು.

"ಇನ್ನೂ ಸ್ವಲ್ಪ..."

"ಒಣಗಿದೆ. ಪ್ಲಾಸ್ಟಿಕ್ ಅಂಟಿಸಿ ನೋಡಿದೀವಿ."

ಅವನು ಕೈ ತೆಗೆಯಲಿಲ್ಲ. ತಿರುಗಲೂ ಇಲ್ಲ. ಕಿವಿ ಮಾತ್ರ ಕೆಂಪಾಯಿತು.

"ಯಾವಾಗ ಒಣಗಿತ್ತು?" ಎಂದಳು.

"ಎರಡು ವಾರ ಆಯ್ತು."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

"ಒಣಗಿದೆ ಅಂದ್ರೆ ಬಣ್ಣ ಹೊಡೀಬೇಕು. ಬಣ್ಣ ಎರಡು ದಿನದ ಕೆಲಸ. ಆಮೇಲೆ ಈ ಮನೆಗೆ ಬರಕ್ಕೆ ನನಗೆ ಕಾರಣ ಇಲ್ಲ." ಗೋಡೆಯತ್ತಲೇ ನೋಡುತ್ತ ಹೇಳಿದ, "ದಾವಣಗೆರೆಯವರು ಬರ್ತಾರೆ ಅಂದ್ರು ಅಮ್ಮ. ಅವತ್ತು ಬಾಯಿಗೆ ಬೇರೆ ಮಾತು ಬರಲಿಲ್ಲ."

"ತರೀಕೆರೆ ಸಂಬಂಧ ಏನಾಯ್ತು?"

ಈಗ ತಿರುಗಿದ. "ಮನೇಲಿ ಹೋಗೋಣ ಅಂತಿದ್ರು. ಅವರು ಕರೆಯೋದು ಭಾನುವಾರ. ನಾನು ಭಾನುವಾರ ಇಲ್ಲಿರ್ತಿದ್ದೆ."

ಜಯಶೀಲಾಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಒಂದು ಮಾತು ಕೇಳೋದಿತ್ತಲ್ಲ ನನ್ನನ್ನ..."

"ಒಂದು ಸಲ ಬೇಡ ಅಂದವರನ್ನ ಮತ್ತೆ ಹೇಗೆ ಕೇಳೋದು? ಗಾರೆ ಸುಣ್ಣದ ಕೆಲಸದವನು ಅಂತ ಬೇಡ ಅಂದಿದ್ದೀರ ಅಂದ್ಕೊಂಡಿದ್ದೆ. ನ್ಯೂಟೌನಿಗೆ ಬಂದು ಕಾರಣ ಹೇಳಿದ್ರಿ. ಅವತ್ತೇ ಕೇಳ್ಬೇಕು ಅನ್ನಿಸ್ತು. ಧೈರ್ಯ ಬರಲಿಲ್ಲ."

"ಈಗ ಬಂದಿದೆಯಾ?"

ರುದ್ರೇಶ್ ಗಾರೆಯ ಪುಡಿ ಹತ್ತಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳ ಎದುರು ನೇರವಾಗಿ ನಿಂತ.

"ನನ್ನ ಮದುವೆ ಆಗ್ತೀರಾ? ಇದನ್ನ ಹಿರಿಯಣ್ಣನ ಹತ್ರ ಹೇಳಿ ಕಳ್ಸಲ್ಲ. ನಾನೇ ಕೇಳ್ತಿದ್ದೀನಿ."

"ಆಗ್ತೀನಿ," ಎಂದಳು ಜಯಶೀಲಾ. ಅಷ್ಟು ಸುಲಭವಾಗಿ ಆ ಮಾತು ಬಂದಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಅವನು ಕೆಳಗಿಟ್ಟಿದ್ದ ಚೀಲವನ್ನು ಸುಮ್ಮನೆ ಎತ್ತಿ ಕೈಯಲ್ಲಿ ಹಿಡಿದುಕೊಂಡ.

"ದಾವಣಗೆರೆಯವರಿಗೆ ಏನು ಹೇಳೋದು?" ಎಂದ.

"ಅದನ್ನ ಅಪ್ಪ ನೋಡ್ಕೋತಾರೆ. ನೀವು ಮುಂದಿನ ಭಾನುವಾರ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ."

"ಸರಿ. ಪ್ರೈಮರ್, ಬ್ರಷ್ ಎಲ್ಲ ಅವತ್ತೇ ತಂದುಬಿಡ್ಲಾ?"

"ಬೇಡ," ಎಂದಳು ಅವಳು, ಮೊದಲ ಸಲ ಅವನ ಕೈಯಿಂದ ಆ ಚೀಲವನ್ನು ತೆಗೆದುಕೊಳ್ಳುತ್ತ. "ಒಂದು ಸಲನಾದ್ರೂ ಕೆಲಸ ಇಲ್ದೇ ಬನ್ನಿ."