ಸ್ಕೇಲ್ ಇಟ್ಟು ಮಾಡಿದ ಕಟಿಂಗ್

"ಅಲ್ಲಾಡಬೇಡ ಅಂದ್ನಲ್ಲ! ಪೇಪರ್ ನೋಡು, ಎಷ್ಟು ಸುಮ್ಮನೆ ಮಲಗಿರುತ್ತೆ," ಎಂದರು ಅಪ್ಪ.

ಚುಕ್ಕಿ ಪೇಪರ್ ಅಲ್ಲವಲ್ಲ. ಅವಳಿಗೆ ಮೂಗು ತುರಿಸುತ್ತಿತ್ತು. ಕತ್ತಿನ ಸುತ್ತ ಹಳೆಯ ಬೆಡ್‌ಶೀಟು, ಹಣೆಯ ಮೇಲೆ ಅಣ್ಣನ ಸ್ಟೀಲ್ ಸ್ಕೇಲು. ಸ್ಕೇಲಿನ ಅಂಚಿಗೆ ಅಪ್ಪನ ಕತ್ತರಿ ಕಚ್ ಕಚ್ ಎನ್ನುತ್ತಿತ್ತು.

ಅಪ್ಪನ ಕೆಲಸ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪೇಪರ್ ಕತ್ತರಿಸುವುದು. ದೊಡ್ಡ ದೊಡ್ಡ ಕಟ್ಟುಗಳನ್ನು ಒಂದಿಷ್ಟೂ ಓರೆಯಾಗದಂತೆ ಕತ್ತರಿಸುತ್ತಾರೆ. ಮಷೀನಿನ ಬ್ಲೇಡಿಗೆ ಸಾಣೆ ಹಿಡಿಯುವವರೂ ಅವರೇ. ಆದರೆ ಈಗೀಗ ಪ್ರೆಸ್ಸಿಗೆ ಕೆಲಸವೇ ಬರುತ್ತಿಲ್ಲ. ವಾರದಲ್ಲಿ ಅರ್ಧಕ್ಕರ್ಧ ದಿನ ಅಪ್ಪ ಮನೆಯಲ್ಲೇ ಇರುತ್ತಾರೆ.

ಅದಕ್ಕೇ ಮನೆಯಲ್ಲಿ ಒಂದು ಹೊಸ ರೂಲು. ನಮಗೇ ಮಾಡೋಕೆ ಬರೋ ಕೆಲಸಕ್ಕೆ ಹೊರಗೆ ದುಡ್ಡು ಕೊಡೋದು ಬೇಡ. ಅಮ್ಮ ಹಳೆಯ ಪರದೆಯಿಂದ ಸ್ಕೂಲ್ ಬ್ಯಾಗ್ ಹೊಲಿದಳು. ಅಣ್ಣ ಸೈಕಲ್ ಪಂಕ್ಚರನ್ನು ತಾನೇ ಹಾಕಿಕೊಂಡ. ಆಗ ಅಪ್ಪ ಎದ್ದು ನಿಂತು ಹೇಳಿದ್ದರು: "ಹಾಗಾದ್ರೆ ಎಲ್ಲರ ಕಟಿಂಗ್ ನಂಗೆ ಬಿಡಿ. ಕತ್ತರಿಸೋದು ನನ್ನ ಕೆಲಸ ತಾನೇ?"

"ಆಯ್ತು!" ಅಪ್ಪ ಸ್ಕೇಲು ತೆಗೆದರು. "ನೋಡಿ, ನನ್ನ ಕೈಯಲ್ಲಿ ಕಲೆ ಇದೆ ಅಂದ್ರೆ ಯಾರೂ ನಂಬಲ್ಲ."

"ಕಲೆ ಅಲ್ಲ, ಕೊಲೆ," ಎಂದು ಅಣ್ಣ ಚುಕ್ಕಿಯ ಕಿವಿಯಲ್ಲಿ ಪಿಸುಗುಟ್ಟಿದ.

ಅಮ್ಮ ಅಡುಗೆಮನೆಯಿಂದ ಬಂದು ನೋಡಿದಳು. ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಮುಂದೆ... ನೇರವಾಗಿದೆ," ಎಂದಳು. ಅಷ್ಟು ಹೇಳಿ ಒಳಗೆ ಹೋಗಿಬಿಟ್ಟಳು.

ಚುಕ್ಕಿ ಕನ್ನಡಿ ನೋಡಿದಳು. ಹಣೆಯ ಮೇಲಿನ ಕೂದಲು ನೇರವಾಗಿಯೇ ಇತ್ತು. ಆದರೆ ಬಲಗಡೆಯ ಕೂದಲು ಕಿವಿಯ ಕೆಳಗಿತ್ತು, ಎಡಗಡೆಯದು ಕಿವಿಯ ಮೇಲಿತ್ತು. ಹಿಂದೆ ಕೈಯಾಡಿಸಿದರೆ ಮೆಟ್ಟಿಲು ಹತ್ತಿದ ಹಾಗಾಯಿತು.

"ಹೇಗಿದೆ?" ಅಪ್ಪನ ಕಣ್ಣು ಹೊಳೆಯುತ್ತಿತ್ತು.

"ಹೂಂ," ಎಂದಳು ಚುಕ್ಕಿ. ಆ 'ಹೂಂ' ಅಂದರೆ ಏನು ಅಂತ ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಕ್ಲಾಸಿಗೆ ಕಾಲಿಟ್ಟಿದ್ದೇ ತಡ, ಪಕ್ಕದ ಬೆಂಚಿನವಳು ಕೇಳಿದಳು, "ಏಯ್, ಲೆಫ್ಟ್ ಸೈಡ್ ಯಾರು ಕಟ್ ಮಾಡಿದ್ದು? ರೈಟ್ ಸೈಡ್ ಯಾರು?"

ಎಲ್ಲರೂ ಗೊಳ್ಳೆಂದು ನಕ್ಕರು. ಅದೇ ಹೊತ್ತಿಗೆ ಬರಬೇಕೇ ಟೀಚರ್? "ನಾಡಿದ್ದು ಕ್ಲಾಸ್ ಫೋಟೋ ಇದೆ. ಎಲ್ಲರೂ ನೀಟಾಗಿ ಬನ್ನಿ," ಎಂದರು.

ಚುಕ್ಕಿಗೆ ತಲೆ ಕೆಟ್ಟುಹೋಯಿತು. ಅಪ್ಪನಿಗೆ ಹೇಳೋಣ ಎಂದರೆ ಬಾಯಿ ಬರುವುದಿಲ್ಲ. ಮನೆಯಲ್ಲಿರುವ ದಿನ ಅಪ್ಪ ಓದಿದ ಪೇಪರನ್ನೇ ಮತ್ತೆ ಓದುತ್ತಾರೆ. ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಾರೆ. ಕತ್ತರಿ ಹಿಡಿದಾಗ ಮಾತ್ರ ಎಷ್ಟು ದಿನದ ಮೇಲೆ ಹಾಗೆ ನಕ್ಕಿದ್ದರು! ಹೇಳಿದರೆ ಆ ನಗು ಹೋಗುತ್ತೆ. ಹೇಳದಿದ್ದರೆ ಈ ತಲೆ ಫೋಟೋದಲ್ಲಿ ಹಾಗೇ ಉಳಿದುಬಿಡುತ್ತೆ.

ಸ್ಕೂಲು ಬಿಟ್ಟ ಮೇಲೆ ಅವಳ ಕಾಲು ತಾನಾಗಿಯೇ ಸಲೂನಿನ ಮುಂದೆ ನಿಂತಿತು.

"ಮಾಮ, ನನ್ನ ಹತ್ರ ದುಡ್ಡಿಲ್ಲ. ಕೆಳಗೆ ಬಿದ್ದಿರೋ ಕೂದಲೆಲ್ಲಾ ಗುಡಿಸಿಕೊಡ್ತೀನಿ. ಇದನ್ನ ಸರಿ ಮಾಡ್ತೀರಾ?"

ಸಲೂನ್ ಮಾಮ ಅವಳ ಸುತ್ತ ಒಂದು ಸುತ್ತು ಬಂದರು. "ಯಾರಮ್ಮ ಈ ಪುಣ್ಯಾತ್ಮ?"

"ನಾನೇ ಮಾಡ್ಕೊಂಡಿದ್ದು."

"ಹಿಂದೆ ಕೂಡ ನೀನೇನಾ? ಬೆನ್ನಲ್ಲಿ ಕಣ್ಣಿದೆಯಾ ನಿಂಗೆ?"

ಮಾಮ ನಗುತ್ತಲೇ ಅವಳ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಂದರು. ನಗು ನಿಂತಿತು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಅಲ್ಲಾ, ಕಟಿಂಗ್ ನೋಡಿದ್ರೆ ನಗು ಬರುತ್ತೆ. ಕೂದಲ ತುದಿ ನೋಡಿದ್ರೆ ಹೊಟ್ಟೆಕಿಚ್ಚು ಬರುತ್ತೆ! ಒಂದು ಎಳೇನೂ ಸೀಳಿಲ್ಲ. ಈ ಕತ್ತರಿಗೆ ಸಾಣೆ ಹಿಡಿದೋರು ಯಾರು?"

ಚುಕ್ಕಿ ಕಣ್ಣು ಪಿಳಿಪಿಳಿ ಬಿಟ್ಟಳು. ಮಾಮ ತಮ್ಮ ಕತ್ತರಿಯಿಂದ ಅವಳ ಕೂದಲನ್ನು ಒಂಚೂರು ಕತ್ತರಿಸಿದರು.

"ಅಯ್ಯೋ!"

"ಎಳೀತು ಅಲ್ವಾ? ಸಾಣೆ ಹಿಡಿಯೋರು ಈ ಕಡೆ ಬರೋದೇ ಬಿಟ್ರು. ನಾನೇ ಹಿಡಿಯೋಕೆ ಹೋಗಿ ಇದ್ದ ಹರಿತಾನೂ ಕಳ್ಕೊಂಡೆ. ಗಿರಾಕಿಗಳು ದಿನಾ ಬೈತಾರೆ. ಆ ಕತ್ತರಿಯವರು ಯಾರೇ ಆಗಿರಲಿ, ನಾಳೆ ಕರ್ಕೊಂಡು ಬಾ. ಅವರು ನನ್ನ ಕತ್ತರಿ ನೋಡ್ಕೊಳ್ಳಲಿ, ನಾನು ಅವರ ಮನೆಯವರ ತಲೆ ನೋಡ್ಕೊತೀನಿ."

ದಾರಿಯುದ್ದಕ್ಕೂ ಚುಕ್ಕಿಗೆ ಒಂದೇ ಯೋಚನೆ. ಮಾಮ ಅಪ್ಪನನ್ನು ಹೊಗಳಿದ್ದೋ, ಬೈದದ್ದೋ? ಎರಡೂ ಒಟ್ಟಿಗೆ ಆಗುತ್ತಾ? ಹೊಗಳಿದ್ದನ್ನು ಹೇಳಬೇಕಾದರೆ ಸಲೂನಿಗೆ ಹೋಗಿದ್ದನ್ನೂ ಹೇಳಬೇಕು. ಸಲೂನಿಗೆ ಹೋಗಿದ್ದು ಹೇಳಿದರೆ, ಯಾಕೆ ಹೋದೆ ಅಂತ ಅಪ್ಪ ಕೇಳದೆ ಇರುತ್ತಾರಾ?

ಮನೆಯಲ್ಲಿ ಅಣ್ಣ ಬೆಡ್‌ಶೀಟು ಹೊದ್ದುಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನ ಕಣ್ಣು 'ಕಾಪಾಡು' ಎನ್ನುತ್ತಿತ್ತು. ಅಪ್ಪ ಸಾಣೆಕಲ್ಲಿಗೆ ಕತ್ತರಿ ಉಜ್ಜುತ್ತಿದ್ದರು. ಸರ್, ಸರ್.

"ಅಪ್ಪಾ, ಸಲೂನ್ ಮಾಮ ನಿಮ್ಮನ್ನ ಕರೀತಿದ್ದಾರೆ," ಎಂದಳು ಚುಕ್ಕಿ ಒಂದೇ ಉಸಿರಿಗೆ. "ಅವರ ಕತ್ತರೀಗೆಲ್ಲ ಸಾಣೆ ಹಿಡಿದುಕೊಡ್ಬೇಕಂತೆ. ಅವರು ನಮ್ಮೆಲ್ಲರಿಗೂ ಕಟಿಂಗ್ ಮಾಡ್ತಾರಂತೆ."

ಕಲ್ಲಿನ ಸದ್ದು ನಿಂತಿತು.

"ಸಲೂನಿಗೆ ಹೋಗಿದ್ಯಾ?" ಅಪ್ಪ ಅವಳ ಮುಖ ನೋಡಿದರು. "ಯಾಕೆ, ನಾನು ಮಾಡಿದ್ದು ಚೆನ್ನಾಗಿಲ್ವಾ?"

"ಕತ್ತರಿ ಚೆನ್ನಾಗಿದೆ ಅಪ್ಪಾ."

"ಕತ್ತರಿ ಬಿಡು. ಕಟಿಂಗ್?"

ಚುಕ್ಕಿ ಕಾಲ್ಬೆರಳು ನೋಡಿಕೊಂಡಳು. "ನಾನು ಪೇಪರ್ ಆಗಿದ್ದಿದ್ರೆ ಚೆನ್ನಾಗಿರ್ತಿತ್ತು."

ಬೆಡ್‌ಶೀಟಿನೊಳಗಿಂದ ಅಣ್ಣ ಕಿಸಕ್ಕೆಂದ. ಅಪ್ಪ ನಗಲಿಲ್ಲ. ಚುಕ್ಕಿಯ ಗಲ್ಲ ಹಿಡಿದು ಒಂದು ಕಿವಿ ನೋಡಿದರು, ಇನ್ನೊಂದು ಕಿವಿ ನೋಡಿದರು.

"ಓರೆ ಇದೆ ಅಲ್ವಾ?"

"ಸ್ವಲ್ಪ."

"ಎಷ್ಟು ಸ್ವಲ್ಪ?"

"ತುಂಬಾ ಸ್ವಲ್ಪ," ಎಂದಳು. ಯಾಕೋ 'ತುಂಬಾ' ಎನ್ನುವುದೇ ಜೋರಾಗಿ ಬಂತು.

ಅಪ್ಪ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಬೇಜಾರೋ, ಕೋಪವೋ? ಊಟದ ಹೊತ್ತಿನಲ್ಲೂ ಅವರ ಮುಖ ನೋಡಿ ನೋಡಿ ಚುಕ್ಕಿಗೆ ಗೊತ್ತಾಗಲಿಲ್ಲ.

ಮರುದಿನ ಸ್ಕೂಲಿನಿಂದ ಬರುವಾಗ ಗೇಟಿನ ಹತ್ತಿರ ಅಪ್ಪ ನಿಂತಿದ್ದರು, ಕಂಕುಳಲ್ಲಿ ಅದೇ ಬಟ್ಟೆಯ ಗಂಟು. "ನಡಿ, ನಿಮ್ಮ ಮಾಮನ ಅಂಗಡಿ ತೋರಿಸು," ಎಂದರು.

ಸಲೂನಿನಲ್ಲಿ ಮಾಮ ಚುಕ್ಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ಸಾಣೆ ಹಿಡಿದ ಮೊದಲ ಕತ್ತರಿಯನ್ನು ಮಾಮನಿಗೆ ಕೊಟ್ಟರು. ಅದು ಅವಳ ತಲೆಯ ಮೇಲೆ ಓಡಿದ್ದೇ ತಿಳಿಯಲಿಲ್ಲ.

"ಬೆಣ್ಣೆ ಸ್ವಾಮಿ, ಬೆಣ್ಣೆ!" ಎಂದರು ಮಾಮ.

ಕನ್ನಡಿಯೊಳಗೆ ಅಪ್ಪ ಕಾಣುತ್ತಿದ್ದರು. ಒಂದು ಕಣ್ಣು ಮುಚ್ಚಿ, ಎರಡನೆಯ ಕತ್ತರಿಯ ಅಲಗನ್ನು ಬೆಳಕಿಗೆ ಹಿಡಿದಿದ್ದರು. ತುಟಿ ಬಿಗಿಯಾಗಿತ್ತು. ಹಿಂದೊಮ್ಮೆ ಪ್ರೆಸ್ಸಿಗೆ ಬುತ್ತಿ ಕೊಡಲು ಹೋದಾಗಲೂ ಅಪ್ಪ ಹೀಗೇ ಇದ್ದರು. ಕರೆದರೂ ಕೇಳಿಸಿರಲಿಲ್ಲ.

"ಅಪ್ಪಾ," ಎಂದಳು ಮೆಲ್ಲಗೆ.

ಈಗಲೂ ಕೇಳಿಸಲಿಲ್ಲ. ಚುಕ್ಕಿಗೆ ಬೇಜಾರಾಗಲಿಲ್ಲ. ಇನ್ನೊಂದು ಸಲ ಕರೆಯುವುದು ಬೇಡ ಅನ್ನಿಸಿತು, ಅಷ್ಟೇ.

ಅಷ್ಟರಲ್ಲಿ ಪಕ್ಕದ ಅಂಗಡಿಯ ಟೈಲರ್ ಉದ್ದನೆಯ ಕತ್ತರಿಯೊಂದನ್ನು ಹಿಡಿದುಕೊಂಡು, ಅಪ್ಪನನ್ನು ಗಮನಿಸದೆ ಒಳಗೆ ಬಂದರು. "ಸಾಣೆಯವರು ಬಂದಿದ್ದಾರಂತಲ್ಲ, ಎಲ್ಲಪ್ಪಾ ಅವರು?"

ಮಾಮನ ಬಾಯಲ್ಲಿ ಬಾಚಣಿಗೆ ಇತ್ತು. "ಊಂ, ಊಂ," ಎಂದರು.

ಹೊದಿಸಿದ ಬಟ್ಟೆಯ ಕೆಳಗಿನಿಂದ ಚುಕ್ಕಿಯ ಕೈ ಹೊರಗೆ ಬಂತು. ಬೆರಳು ಬಾಗಿಲ ಕಡೆ ತೋರಿಸಿತು.

ಅಪ್ಪ ತಲೆಯೆತ್ತಿದರು. ಮೆಟ್ಟಿಲ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಟೈಲರಿಗೆ ಕೂರಲು ಜಾಗ ಮಾಡಿಕೊಟ್ಟರು.