ನಲವತ್ತರ ಪಕ್ಕದ ನಲವತ್ತೊಂದು

"ನನ್ನ ಕೇಬಲ್ ಕೀಳ್ತಿದ್ದೀರಾ?"

ಕಾರಿಡಾರಿನ ಪೆಟ್ಟಿಗೆಯೊಳಗಿದ್ದ ಅವನ ಕೈ ಹಾಗೇ ನಿಂತಿತು. ಬೆರಳ ನಡುವೆ ಅವಳ ಕೋಣೆಗೆ ಹೋಗುವ ನೀಲಿ ಕೇಬಲ್...

ಕಟ್ಟಡದ ಇಂಟರ್‌ನೆಟ್ ನೋಡಿಕೊಳ್ಳುವ ಅವನು ಎಲ್ಲರಿಗೂ ವೈರಣ್ಣ. ಮೂರನೇ ಮಹಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ವಿನ್ಯಾಸ ಮಾಡುವ ಇವಳಿಗೆ ಮಾತ್ರ ಆ 'ಅಣ್ಣ' ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು!

ವರ್ಷದಿಂದ ಕಂಪ್ಯೂಟರ್ ಕೆಮ್ಮಿದರೂ ಅವನನ್ನೇ ಕರೆಯುತ್ತಿದ್ದಳು. ಹೋದ ವಾರ ಕೆಳಗಿನ ಹೊಲಿಗೆ ಅಂಗಡಿಯಲ್ಲಿ ಅವನ ತಂಗಿ, ಮೂರನೇ ಮಹಡಿ ಹತ್ತಿ ಇಳಿದು ಸಾಕಾಗಿದೆ ಅಂತಾನೆ ನಮ್ಮಣ್ಣ, ಅಂದಿದ್ದಳು. ಅವಳ ಕೈಯ ಸೂಜಿ ಇವಳ ಎದೆಗೇ ಚುಚ್ಚಿದಂತಾಯಿತು.

'ನಾನು ಅವನಿಗೆ ಹೊರೆಯಾ?'

ಅವತ್ತೇ ಹಠ ಹಿಡಿದಳು. ಮಾತೆತ್ತಿದರೆ ನಿಂತುಹೋಗುತ್ತಿದ್ದ ವಿಂಡೋಸ್ ಅಳಿಸಿ, ಓದಿ ಕಲಿತು, ಅದರ ಜಾಗದಲ್ಲಿ ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ಬೇರೆ ತಂತ್ರಾಂಶವನ್ನು ಮೊನ್ನೆ ತಾನೇ ಕೂತು ಹಾಕಿದಳು. ಎಲ್ಲ ಬಂತು, ಇಂಟರ್‌ನೆಟ್ ಬರಲಿಲ್ಲ.

ಇವತ್ತು ಸಂಜೆ ಐದಕ್ಕೆ ಮಕ್ಕಳ ಪಾಠಪುಸ್ತಕ ಪ್ರೆಸ್ಸಿಗೆ ತಲುಪದಿದ್ದರೆ ಅಚ್ಚಿನ ಮಷಿನ್ ಬೇರೆಯವರ ಪಾಲು. ಶಾಲೆ ಶುರುವಾದರೂ ಮಕ್ಕಳ ಕೈಗೆ ಪುಸ್ತಕವಿಲ್ಲ. ಫೋನಿನಲ್ಲಿ ಕಳಿಸಹೋದರೆ ಚಿತ್ರಗಳ ಭಾರಕ್ಕೆ ಅದು ಉಸಿರು ಬಿಟ್ಟಿತು. ಕೇಬಲ್ ಬದಲಿಸಿದಳು, ಸಾಕೆಟ್ ಬದಲಿಸಿದಳು. ಕೊನೆಗೆ ಗೋಡೆಗುಂಟ ಕೇಬಲ್ಲಿನ ಜಾಡು ಹಿಡಿದು ಇಲ್ಲಿಗೆ ಬಂದಿದ್ದಳು.

"ಕೀಳ್ತಿಲ್ಲ," ಅವನೆಂದ. "ಎರಡು ದಿನದಿಂದ ಈ ಪೆಟ್ಟಿಗೆಯಲ್ಲಿ ನಿಮ್ಮ ಕೇಬಲ್ಲಿನ ದೀಪ ಸರಿಯಾಗಿ ಮಿನುಗಿಲ್ಲ. ಹುಷಾರಾಗಿದ್ದೀರೋ ಇಲ್ಲವೋ ಅಂತ..."

'ನನ್ನ ದೀಪವನ್ನ ನೋಡ್ತಿರ್ತಾನಾ?'

ಲಿನಕ್ಸ್ ಹಾಕಿದ್ದನ್ನು ಹೇಳಿದಳು. ಅವನು ಹಣೆ ಚಚ್ಚಿಕೊಂಡ. ತಪ್ಪು ತನ್ನದೇ ಅಂದ. ಬೇರೆ ಕಡೆ ರೂಟರ್ ತಾನಾಗಿಯೇ ಪ್ರತಿ ಕಂಪ್ಯೂಟರಿಗೂ ಒಂದು ಗುರುತಿನ ನಂಬರ್ ಹಂಚುತ್ತದೆ; ಅದಿಲ್ಲದೆ ಇಂಟರ್‌ನೆಟ್ ಬರುವುದಿಲ್ಲ. ಇಲ್ಲಿ ಆ ಏರ್ಪಾಡನ್ನು ನಿಲ್ಲಿಸಿ, ಎಲ್ಲರಿಗೂ ಇವನೇ ಕೈಯಾರೆ ನಂಬರ್ ಬರೆದಿದ್ದ. ಅವಳ ನಂಬರ್ ವಿಂಡೋಸ್ ಜೊತೆಗೇ ಅಳಿಸಿಹೋಗಿತ್ತು. ಲಿನಕ್ಸ್ ಪಾಪ, ಯಾರಾದರೂ ಕೊಡುತ್ತಾರೆಂದು ಕಾಯುತ್ತಾ ಕೂತಿತ್ತು.

ಅವಳ ಕೋಣೆಗೆ ಬಂದು ಅವನು ಕೀಬೋರ್ಡಿಗೆ ಕೈ ಚಾಚಿದ. ಅವಳು ಬಿಡಲಿಲ್ಲ. "ನೀವು ಹೇಳಿ. ನಾನೇ ಹಾಕ್ತೀನಿ."

ಅವನು ಹೇಳುತ್ತಾ ಹೋದ, ಅವಳು ಒತ್ತುತ್ತಾ ಹೋದಳು. ನಂಬರಿನ ಬಾಲದಲ್ಲಿ ನಲವತ್ತೊಂದು. ಇಂಟರ್‌ನೆಟ್ ಬಂತು! ನಾಲ್ಕೂಮುಕ್ಕಾಲಿಗೆ ಪುಟಗಳು ಹೊರಟವು.

ಆಮೇಲೆ ಅವಳಿಗೆ ಹೊಳೆಯಿತು. ಕಟ್ಟಡದಲ್ಲಿರುವುದೇ ಇಪ್ಪತ್ತು ಕಂಪ್ಯೂಟರ್. ತನಗೆ ನಲವತ್ತೊಂದು ಹೇಗೆ?

"ನಿಮ್ಮದು ಎಷ್ಟು?"

"ನಲವತ್ತು."

"ಮಿಕ್ಕವರೆಲ್ಲ?"

"ಒಂದರಿಂದ ಸಾಲಾಗಿ..." ಅವನು ನೆಲ ನೋಡಿದ. "ನಿಮ್ಮದು ನನ್ನ ಪಕ್ಕ ಇರ್ಲಿ ಅಂತ. ಪಕ್ಕ ಕೂತ್ಕೊಳ್ಳಿ ಅಂತ ಬಾಯಿಬಿಟ್ಟು ಕೇಳೋ ಧೈರ್ಯ ಇರ್ಲಿಲ್ಲ."

ಅವಳು ಪರದೆಯ ಮೇಲಿನ ನಲವತ್ತೊಂದನ್ನು ಮತ್ತೊಮ್ಮೆ ನೋಡಿದಳು. ಆದರೂ ಸೂಜಿ ಇನ್ನೂ ಒಳಗೇ ಇತ್ತಲ್ಲ...

"ಹತ್ತಿ ಇಳಿದು ಸಾಕಾಗಿದೆ ಅಂದ್ರಂತೆ?"

"ತಂಗಿ ಅರ್ಧ ಹೇಳಿದ್ದಾಳೆ," ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಸಾಕಾಗಿರೋದು ಇಳಿಯೋದು. ಹತ್ತೋದಲ್ಲ."

ಪುಟಗಳು ತಲುಪಿದವೆಂದು ಪರದೆ ಹೇಳಿತು. ಅವಳು ಇನ್ನೊಂದು ಕುರ್ಚಿಯನ್ನು ತನ್ನ ಪಕ್ಕಕ್ಕೆ ಎಳೆದಳು.

"ಹಾಗಾದ್ರೆ ಇಳೀಬೇಡಿ. ಆದ್ರೆ ಕಂಪ್ಯೂಟರ್ ನಾನೇ ನೋಡ್ಕೋತೀನಿ."

"ನಾನೇನು ನೋಡ್ಕೊಳ್ಳಲಿ?"

"ನನ್ನನ್ನ," ಅಂದಳು.